ಬೆಚ್ಚಗಿದೆ, ಅಷ್ಟೇ

ನಮ್ಮೂರಿನಲ್ಲಿ ಮಸಿ ಮಾಡುವ ಮನೆ ಈಗ ಉಳಿದಿರುವುದು ನಮ್ಮದೊಂದೇ. ಮೊದಲು ಮೂರಿದ್ದವು. ಒಂದು ಮನೆಯವರು ಊರು ಬಿಟ್ಟರು. ಇನ್ನೊಂದು ಮನೆಯವರು ಬಿಳಿ ಸೇಡಿಮಣ್ಣಿನ ವ್ಯಾಪಾರಕ್ಕಿಳಿದು ಮರ್ಯಾದಸ್ಥರಾದರು. ಉಳಿದವನು ನಾನು, ಕೆಂಚಪ್ಪ. ಕರಿಯಪ್ಪ, ಕಾಳಮ್ಮ ಎಂಬ ಹೆಸರುಗಳನ್ನು ಇಲ್ಲಿ ಯಾರೂ ಇಡುವುದಿಲ್ಲ. ಮಸಿ ಮಾಡುವ ನಮ್ಮಪ್ಪನಿಗಂತೂ ಅಷ್ಟು ಧೈರ್ಯ ಇರಲಿಲ್ಲ.

ಇಲ್ಲಿ ಕಪ್ಪಾದ ವಸ್ತುವಿನ ಮೇಲೆ ಬೆಳಕು ಬಿದ್ದರೆ ಅದು ಸುಡುತ್ತದೆ. ಬೇರೆ ಊರುಗಳಲ್ಲೂ ಕಪ್ಪು ಬಿಸಿಲಿಗೆ ಕಾಯುತ್ತದಂತೆ, ಆದರೆ ನಮ್ಮೂರಿನ ಹಾಗಲ್ಲ. ಇಲ್ಲಿ ಕಪ್ಪು ಕೊಡೆ ಬಿಚ್ಚಿದರೆ ನಾಲ್ಕು ಹೆಜ್ಜೆಯೊಳಗೆ ಹೊಗೆ ಬರುತ್ತದೆ. ಎಮ್ಮೆಗಳಿಗೆ ಬೆಳಿಗ್ಗೆ ಹಾಲು ಕರೆಯುವ ಮೊದಲೇ ಮೈತುಂಬ ಸೇಡಿ ಬಳಿಯಬೇಕು. ತಲೆಗೆ ಬಿಳಿ ಬಟ್ಟೆ ಕಟ್ಟದೆ ಯಾರೂ ಹೊಸಿಲು ದಾಟುವುದಿಲ್ಲ. ದಿನಪತ್ರಿಕೆ ಇಟ್ಟಿಗೆ ಬಣ್ಣದಲ್ಲಿ ಅಚ್ಚಾಗುತ್ತದೆ. ಮೊದಲ ಬಿಳಿಕೂದಲು ಕಂಡವರು ಅಕ್ಕಪಕ್ಕದ ಮನೆಗೆ ಸಕ್ಕರೆ ಹಂಚುತ್ತಾರೆ. ಕಾಗೆಗಳು ಹೊತ್ತು ಮುಳುಗಿದ ಮೇಲೆ ಹೊರಗೆ ಬರುವುದರಿಂದ ತಿಥಿಯ ದಿನ ಎಡೆ ಇಟ್ಟವರು ಅಲ್ಲಿಯವರೆಗೂ ಉಪವಾಸ ಕೂರಬೇಕು. ಇದನ್ನೆಲ್ಲ ನಾವು ಕಷ್ಟ ಎಂದುಕೊಂಡವರಲ್ಲ.

ಹೇಳಬೇಕಾದ್ದು ನಮ್ಮೂರಿನ ಮಾತಿನ ಬಗ್ಗೆ. ಯಾರಾದರೂ 'ಸುಡ್ತಿದೆ' ಎಂದರೆ ಅವರ ಮೈಮೇಲೆಲ್ಲೋ ಕಪ್ಪಿದೆ ಎಂದಾಯಿತು. ಕಪ್ಪಿದೆ ಎಂದರೆ ಆ ಮನೆಯಲ್ಲಿ ಶುಚಿಯಿಲ್ಲ, ಹೆಂಗಸರಿಗೆ ನಿಗಾ ಇಲ್ಲ, ಹೆಣ್ಣು ಕೊಡುವವರು ಎರಡು ಸಲ ಯೋಚಿಸಬೇಕು. ಆದ್ದರಿಂದ ಆ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಮಗು ಬಿಸಿ ಹಾಲಿಗೆ ಬಾಯಿ ಹಾಕಿ ಅತ್ತರೆ ತಾಯಿ ಮೊದಲು ಕಲಿಸುವುದು 'ಬೆಚ್ಚಗಿದೆ ಅನ್ನು' ಎಂದು. ಒಗ್ಗರಣೆಯ ಎಣ್ಣೆ ಕೈಮೇಲೆ ಸಿಡಿದರೆ 'ಸ್ವಲ್ಪ ಬೆಚ್ಚಗಾಯ್ತು' ಎನ್ನುತ್ತಾರೆ. ಒಂದು ಸಲ ನಮ್ಮ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿ, ನಮ್ಮಪ್ಪನ ಆರೋಗ್ಯ ವಿಚಾರಿಸಿ, 'ನಿಮ್ಮ ಹಿತ್ತಲ ಕಡೆ ಒಂಚೂರು ಬೆಚ್ಚಗಿರೋ ಹಾಗಿದೆ, ಬಿಡುವಾದಾಗ ನೋಡಿ' ಎಂದು ಹೇಳಿ ಹೋದರು. ನಾವು ಬಿಡುವು ಮಾಡಿಕೊಳ್ಳುವಷ್ಟರಲ್ಲಿ ಚಾವಣಿ ಕುಸಿದಿತ್ತು. ಎದುರುಬದುರಾದವರು 'ಎಲ್ಲ ಬಿಳೀನಾ?' ಎಂದು ಕೇಳುತ್ತಾರೆ. 'ಬಿಳೀನೇ' ಎನ್ನಬೇಕು. ಅದಕ್ಕೆ ಬೇರೆ ಉತ್ತರ ಇಲ್ಲ.

ನನ್ನ ಕೆಲಸ ಹೀಗೆ. ಕಿಟಕಿಯಿಲ್ಲದ ಕೋಣೆಯಲ್ಲಿ ಹರಳೆಣ್ಣೆ ದೀಪ ಹಚ್ಚಿ ಅದರ ಮೇಲೆ ಮಣ್ಣಿನ ತಟ್ಟೆ ಕವುಚಿ ಹಾಕಬೇಕು. ತಟ್ಟೆಗೆ ಹಿಡಿದ ಮಸಿಯನ್ನು ಕೋಳಿಪುಕ್ಕದಿಂದ ಬಳಿದು, ಗೋಂದಿನ ನೀರಿನಲ್ಲಿ ಅರೆದು, ಉದ್ದನೆಯ ಗಾಜಿನ ಪಾತ್ರೆಯಲ್ಲಿ ಹನ್ನೊಂದು ದಿನ ಅಲುಗಿಸದೆ ಇಡಬೇಕು. ದಪ್ಪ ಕಣಗಳೆಲ್ಲ ತಳಕ್ಕಿಳಿಯುತ್ತವೆ. ಹನ್ನೆರಡನೆಯ ದಿನ ಮೇಲಿನ ನಾಲ್ಕು ಬೆರಳು ನೀರನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ಚೆಲ್ಲಬೇಕು. ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ಆದರೆ ಚೆಲ್ಲಲೇಬೇಕು. ಮೊದಲು ಇದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯವರು ಕತ್ತಲೆ ಕೋಣೆಯಲ್ಲಿಡುವ ದಸ್ತಾವೇಜು ಬರೆಯಲು ಒಯ್ಯುತ್ತಿದ್ದರು. ಆರು ವರ್ಷಗಳಿಂದ ಆಸ್ಪತ್ರೆಯವರು ಒಯ್ಯುತ್ತಿದ್ದಾರೆ.

ಆಸ್ಪತ್ರೆಯ ಡಾಕ್ಟರ್ ಮೈತ್ರೇಯಿ ಹೊರಗಿನವರು. ಅವರಿಗೆ ಗೊತ್ತಿದ್ದ ವಿದ್ಯೆ ಇದು: ಮೈಯೊಳಗಿನ ಗಡ್ಡೆಗೆ ಬೆಳಕನ್ನು ಹೀರುವ ಪುಡಿಯನ್ನು ಸೂಜಿಯಿಂದ ಹಾಕುವುದು, ಆಮೇಲೆ ಕೂದಲಿನಷ್ಟು ತೆಳುವಾದ ಗಾಜಿನೆಳೆಯ ಮೂಲಕ ಲೇಸರ್ ಬೆಳಕು ಬಿಡುವುದು. ಬರೀ ಮಾಂಸಕ್ಕೆ ಆ ಬೆಳಕು ಅಷ್ಟಾಗಿ ತಾಕುವುದಿಲ್ಲ. ಪುಡಿ ಇದ್ದ ಕಡೆ ಮಾತ್ರ ಕಾಯುತ್ತದೆ, ಗಡ್ಡೆ ಇದ್ದಲ್ಲೇ ಬೇಯುತ್ತದೆ, ದಿನ ಕಳೆದ ಹಾಗೆ ಮೈಯೇ ಅದನ್ನು ಕರಗಿಸಿಕೊಳ್ಳುತ್ತದೆ. 'ಬೇರೆ ಕಡೆ ಇದಕ್ಕೆ ಬಂಗಾರದ ಕಣ ಬೇಕು ಕೆಂಚಪ್ಪನವರೇ, ನಿಮ್ಮೂರಲ್ಲಿ ನಿಮ್ಮ ಮಸಿ ಸಾಕು' ಎಂದು ಅವರು ಮೊದಲ ದಿನ ಹೇಳಿದ್ದರು. ಮನೆಯ ಮುಂದೆ ಹಾಯುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದ ಊರು ನನಗೆ ನಮಸ್ಕಾರ ಹೇಳಲು ಶುರು ಮಾಡಿದ್ದು ಅಂದಿನಿಂದ. ನಾನು ಉಬ್ಬಿದೆ. ಸುಳ್ಳು ಯಾಕೆ ಹೇಳಲಿ.

ತೊಡೆ, ಬೆನ್ನು, ತೋಳಿನ ಗಡ್ಡೆಗಳೆಲ್ಲ ಚೆನ್ನಾಗಿ ವಾಸಿಯಾದವು. ತೊಂದರೆಯಾದದ್ದು ಮುಖದ ಗಡ್ಡೆಗಳಲ್ಲಿ. ಹೂವು ಮಾರುವ ಪದ್ದಕ್ಕನಿಗೆ ಕೆನ್ನೆಯಲ್ಲಿ ಗಡ್ಡೆಯಾಗಿತ್ತು. ಗಡ್ಡೆ ಹೋಯಿತು, ಜೊತೆಗೆ ಬಲಗಡೆ ತುಟಿ ಜೋತುಬಿತ್ತು. ಮೂವತ್ತು ವರ್ಷ 'ಮಲ್ಲಿಗೆ, ಮಾರು ಮಲ್ಲಿಗೆ' ಎಂದು ಕೂಗಿದ ಹೆಂಗಸು ಈಗ ಬುಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಾಳೆ. ಆಮೇಲೆ ಹಿಟ್ಟಿನ ಗಿರಣಿಯವನಿಗೆ ಒಂದು ಕಣ್ಣು ಮುಚ್ಚಲು ಬರದಂತಾಯಿತು. ಡಾಕ್ಟರು ನೆಟ್ಟಗೆ ನನ್ನ ಮನೆಗೆ ಬಂದರು.

'ನಿಮ್ಮ ಮಸೀಲಿ ದಪ್ಪ ಕಣ ಉಳಿದಿದೆ. ಗಡ್ಡೆ ದಾಟಿ ನರ ಸುಟ್ಟಿದೆ' ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. 'ಹನ್ನೊಂದು ದಿನಕ್ಕೆ ಬದಲು ಹತ್ತು ದಿನಕ್ಕೆ ತೆಗೆದಿದ್ರೆ ನನ್ನ ಕೈ ಬಿದ್ದೋಗ್ಲಿ' ಎಂದೆ. ಅವರು ಮಸಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದರು. ಇಷ್ಟು ನಯವಾದ ಮಸಿ ನೋಡಿಯೇ ಇಲ್ಲ ಎಂದು ಅಲ್ಲಿಂದ ಉತ್ತರ ಬಂತು. ಡಾಕ್ಟರು ಬಂದು ತಪ್ಪಾಯಿತು ಎಂದರು, ಕಾಫಿ ಕುಡಿದರು, ಹಣೆ ಹಿಡಿದುಕೊಂಡು ಕೂತರು.

'ಸೂಜಿ ತುದೀಲಿ ಉಷ್ಣ ಅಳೆಯೋ ಯಂತ್ರ ಇದೆ. ಆದ್ರೆ ಗಡ್ಡೆ ಅಂಚಲ್ಲಿ ನರಕ್ಕೆ ಬಿಸಿ ತಾಗ್ತಿದೆಯೋ ಇಲ್ವೋ ಅನ್ನೋದು ರೋಗಿಗೆ ಮಾತ್ರ ಗೊತ್ತಾಗೋದು. ಅದಕ್ಕೇ ಎಚ್ಚರ ಇಟ್ಟು ಮಾಡ್ತೀನಿ. ನಿಮಿಷಕ್ಕೊಂದ್ಸಲ ಸುಡ್ತಿದೆಯಾ ಅಂತ ಕೇಳ್ತೀನಿ. ಒಬ್ಬರೂ ಹೂಂ ಅನ್ನಲ್ಲ.'

ನಾನು ಲೋಟ ಕೆಳಗಿಟ್ಟೆ. 'ಹಾಗೆ ಕೇಳ್ತೀರಾ? ಅದೇ ಮಾತಲ್ಲಿ?'

'ಮತ್ತಿನ್ನೇನು ಕೇಳ್ಲಿ?'

ವಿವರಿಸಿ ಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು, ಏಕೆಂದರೆ ಆ ಮಾತನ್ನು ಆಡದೆಯೇ ಆ ಮಾತಿನ ಬಗ್ಗೆ ಹೇಳಬೇಕಿತ್ತು. ಆರು ವರ್ಷ ನಮ್ಮ ನಡುವೆ ಇದ್ದೂ ಅವರಿಗೆ ಇದು ತಿಳಿದಿರಲಿಲ್ಲ. ನಮ್ಮವರು ಸಂಕೋಚದವರು, ಗಟ್ಟಿಗರು ಎಂದಷ್ಟೇ ಅಂದುಕೊಂಡಿದ್ದರಂತೆ. ಆಮೇಲೆ ಅವರು ಬಾಯಲ್ಲಿ ಹೇಳುವುದು ಬೇಡವೆಂದು ರೋಗಿಗಳ ಕೈಗೆ ಗಂಟೆ ಕೊಟ್ಟು ನೋಡಿದರು. ಯಾರೂ ಬಾರಿಸಲಿಲ್ಲ. ಒಂದರಿಂದ ಹತ್ತರೊಳಗೆ ಎಷ್ಟು ಎಂದು ಕೇಳಿದರು. ಎಲ್ಲರೂ ಎರಡು ಎಂದರು. ಒಬ್ಬ ಮುದುಕರು ಮಾತ್ರ ತುಂಬ ಯೋಚಿಸಿ ಎರಡೂವರೆ ಎಂದರಂತೆ. ಮರುದಿನ ಅವರ ತುಟಿಯೂ ವಾಲಿತ್ತು. ಆಮೇಲೆ ಡಾಕ್ಟರು ಮುಖದ ಗಡ್ಡೆ ಮುಟ್ಟುವುದನ್ನೇ ನಿಲ್ಲಿಸಿದರು.

ಅದಾದ ಎರಡು ತಿಂಗಳಿಗೆ ನನ್ನ ಹೆಂಡತಿ ವಾರಿಜಾಳ ಕಿವಿಯ ಕೆಳಗೆ ನೆಲ್ಲಿಕಾಯಿಯಷ್ಟು ಗಡ್ಡೆ ಕಂಡಿತು.

ವಾರಿಜಾ ಬಸ್ ನಿಲ್ದಾಣದ ಮೈಕಿನವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕಳೆದಿದೆ, ಎಲ್ಲವನ್ನೂ ಹೇಳುವವಳು ಅವಳು. ಬಸ್ಸು ಕೆಟ್ಟು ಮೂರು ಗಂಟೆ ತಡವಾದರೂ ಅವಳ ದನಿಯಲ್ಲಿ ಕೇಳಿದರೆ ಜನಕ್ಕೆ ಸಿಟ್ಟು ಬರುವುದಿಲ್ಲ. ಇಂಥ ನಯವಂತೆ ನನ್ನಂಥ ಮುಂಗೋಪಿಯ ಮನೆಗೆ ಹೇಗೆ ಬಂದಳು ಎಂದು ಊರಿಗೂ ಆಶ್ಚರ್ಯ, ನನಗೂ ಆಶ್ಚರ್ಯ. ಅವಳ ತುಟಿ ಜೋತುಬಿದ್ದರೆ ಮೈಕು ಇಲ್ಲ. ಮೈಕು ಇಲ್ಲದಿದ್ದರೆ ಅವಳು ಪದ್ದಕ್ಕನ ಹಾಗೆ ಸುಮ್ಮನೆ ಕೂತುಬಿಡುತ್ತಾಳೆ ಎಂದು ನನಗೆ ಭಯವಾಯಿತು. ಗಡ್ಡೆಯ ಭಯಕ್ಕಿಂತ ಅದೇ ಹೆಚ್ಚಾಗಿತ್ತು.

ಪರೀಕ್ಷೆಯೆಲ್ಲ ಮುಗಿಸಿ ಡಾಕ್ಟರು ಹೇಳಿದರು: 'ಇದು ಒಳ್ಳೆ ಗಡ್ಡೆ ಅಲ್ಲ, ಬಿಡೋ ಹಾಗಿಲ್ಲ. ಕತ್ತರಿಸಿ ತೆಗೆದ್ರೆ ಮುಖದ ನರ ಹೋಗೋದು ಖಂಡಿತ. ನರ ಗಡ್ಡೆ ಮಧ್ಯೇನೇ ಹಾದಿದೆ. ಬೆಳಕಿಂದ ಮಾಡಿದ್ರೆ ಉಳಿಸ್ಬಹುದು. ಆದ್ರೆ ಇವರು ಬಾಯಿ ಬಿಟ್ಟು ಹೇಳ್ಬೇಕು. ಒಂದು ವಾರ ಟೈಮ್ ಕೊಡ್ತೀನಿ. ಮನೇಲಿ ಅಭ್ಯಾಸ ಮಾಡಿಸಿ.'

ಅಭ್ಯಾಸ ಮಾಡಿಸಿದೆ. ಕುದಿಯುವ ಕಾಫಿ ಲೋಟ ಕೈಗೆ ಕೊಟ್ಟು 'ಹೇಳು' ಎಂದೆ. 'ಬೆಚ್ಚಗಿದೆ ರೀ' ಎಂದಳು. ಲೋಟವನ್ನು ಸೆರಗಿನಲ್ಲೂ ಹಿಡಿಯಲಿಲ್ಲ, ನನಗೆ ಬೇಸರವಾದೀತೆಂದು. ಕಾವಲಿಯ ಹತ್ತಿರ ಬೆರಳು ಇಡು ಎಂದೆ. 'ಹಿತವಾಗಿದೆ' ಎಂದಳು. ಐದನೆಯ ದಿನ ನನಗೆ ತಾಳ್ಮೆ ಕೆಟ್ಟಿತು. ಅಂಗಳದಲ್ಲಿ ಕೂರಿಸಿ, ಅವಳ ಮಣಿಕಟ್ಟಿನ ಮೇಲೆ ಸಾಸಿವೆಯಷ್ಟು ಮಸಿ ಇಟ್ಟು ಬಿಸಿಲಿಗೆ ಹಿಡಿಸಿದೆ. ಈ ಕೆಲಸಕ್ಕೆ ಈಗಲೂ ನನಗೆ ನಾಚಿಕೆಯಿದೆ. ಚರ್ಮ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಅವಳು ಮೈಕಿನಲ್ಲಿ ಮಾತಾಡುವ ದನಿಯಲ್ಲೇ, 'ಬೆಚ್ಚಗಿದೆ ರೀ, ನಿಮಗೆ ತೊಂದರೆ ಇಲ್ಲ ಅಂದ್ರೆ ಒರೆಸ್ತೀರಾ?' ಎಂದು ಕೇಳಿದಳು.

ನಾನು ಒರೆಸಿ, ಬೆಣ್ಣೆ ಹಚ್ಚಿ, ಬಯ್ದೆ. 'ಒಂದು ಮಾತು ಹೇಳೋಕೆ ಏನು ಕಷ್ಟ ನಿಂಗೆ? ಮುಖ ಹೋಗುತ್ತೆ ಕಣೇ!'

'ನೀವು ಹೇಳಿ ನೋಡೋಣ' ಎಂದಳು.

ನಾನು ಬಾಯಿ ತೆರೆದೆ. ಸು ಎಂಬಷ್ಟಕ್ಕೆ ನಿಂತಿತು. ಬೀದಿಯಲ್ಲಿ ಯಾರೋ ಹೋಗುತ್ತಿದ್ದರು. ನಾನು ಕೆಮ್ಮಿ ಒಳಗೆ ಹೋದೆ. ವಾರಿಜಾ ನಗಲಿಲ್ಲ, ಅಷ್ಟು ಒಳ್ಳೆಯವಳು.

ವಾರ ಮುಗಿದ ದಿನ ಬೆಳಿಗ್ಗೆ ಹತ್ತಕ್ಕೆ ಆಸ್ಪತ್ರೆಗೆ ಹೋದೆವು. ನರ್ಸ್ ಚೆಲುವಮ್ಮ ನಮ್ಮೂರಿನವರೇ. ಚಿಕಿತ್ಸೆಗೆ ಮೊದಲು ರೋಗಿಯ ಮೈಮೇಲೆ ಕಪ್ಪೇನೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು ಅವರ ಕೆಲಸ. ಅವರು ಬಾಗಿಲಲ್ಲೇ ನಿಂತು 'ಎಲ್ಲ ಬಿಳೀನಾ ವಾರಿಜಕ್ಕ?' ಎಂದು ಕೇಳಿದರು. 'ಬಿಳೀನೇ' ಎಂದಳು ವಾರಿಜಾ. ಚೆಲುವಮ್ಮ ಕಾಗದದ ಮೇಲೆ ಗುರುತು ಹಾಕಿದರು.

ಒಳಗೆ ನನಗೂ ಒಂದು ಸ್ಟೂಲು ಕೊಟ್ಟರು. ಕೋಣೆಗೂ ಹೊರಗಿನ ಪಡಸಾಲೆಗೂ ನಡುವೆ ಒಂದು ಪರದೆ ಅಷ್ಟೇ. ಅಲ್ಲಿ ಬೆಂಚುಗಳ ಮೇಲೆ ಇಪ್ಪತ್ತು ಮೂವತ್ತು ಜನ ಸರದಿಗೆ ಕಾಯುತ್ತಿದ್ದರು. ವಾರಿಜಾಳ ಧ್ವನಿ ಗೊತ್ತಿಲ್ಲದವರು ಅವರಲ್ಲಿ ಒಬ್ಬರೂ ಇರಲಿಕ್ಕಿಲ್ಲ. ಡಾಕ್ಟರು ಗಡ್ಡೆಯ ಸುತ್ತ ಮರಗಟ್ಟುವ ಮದ್ದು ಕೊಡಲಿಲ್ಲ, ಸೂಜಿ ಚುಚ್ಚುವ ಜಾಗಕ್ಕೆ ಮಾತ್ರ ಕೊಟ್ಟರು. ನನ್ನ ಮಸಿಯನ್ನು ಮೂರು ಕಡೆ ಹಾಕಿದರು. ಆಮೇಲೆ ಗಾಜಿನೆಳೆ ಇಳಿಸಿ ಕಾಲಿನ ಗುಂಡಿ ಒತ್ತಿದರು. ಚರ್ಮದ ಕೆಳಗೆ ಮಂಕಾಗಿ ಕೆಂಪು ಕಂಡಿತು.

'ಹೇಗಿದೆ ವಾರಿಜಾ?'

'ಚೆನ್ನಾಗಿದೆ ಮೇಡಂ.'

'ಎಲ್ಲಾದ್ರೂ ಸುಡ್ತಿದೆಯಾ?'

'ಇಲ್ಲ ಮೇಡಂ, ಬೆಚ್ಚಗಿದೆ, ಅಷ್ಟೇ.'

ಡಾಕ್ಟರು ನನ್ನ ಮುಖ ನೋಡಿದರು. ಅವಳ ಕೈ ನನ್ನ ಕೈಯಲ್ಲಿತ್ತು. ತಡೆಯಲಾಗದಿದ್ದರೆ ಗಟ್ಟಿಯಾಗಿ ಹಿಸುಕು, ನಾನು ಡಾಕ್ಟರಿಗೆ ಹೇಳುತ್ತೇನೆ ಎಂದು ದಾರಿಯಲ್ಲಿ ಮಾತಾಗಿತ್ತು. ಅವಳು ಹಿಸುಕಲಿಲ್ಲ. ನನಗೆ ನೋವಾದೀತೆಂದು ಕೈಯನ್ನು ಸಡಿಲವಾಗಿಯೇ ಇಟ್ಟುಕೊಂಡಿದ್ದಳು. ಎರಡನೆಯ ಸಲ ಕೇಳಿದರು, ಬೆಚ್ಚಗಿದೆ ಎಂದಳು. ಮೂರನೆಯ ಸಲವೂ ಬೆಚ್ಚಗಿದೆ. ಆಗ ಅವಳ ಕಾಲಿನ ಕಡೆ ನನ್ನ ಕಣ್ಣು ಹೋಯಿತು. ಹೊದಿಕೆಯ ಹೊರಗಿದ್ದ ಹತ್ತೂ ಬೆರಳುಗಳು ಒಳಕ್ಕೆ ಮುದುರಿಕೊಂಡಿದ್ದವು, ಉಗುರುಗಳು ಬೆಳ್ಳಗಾಗಿದ್ದವು. ಬಾಯಿಯ ಎಡಮೂಲೆ ಒಂದು ಸಲ ಅದುರಿತು.

ಹೇಗೆ ಬಂತೋ ಗೊತ್ತಿಲ್ಲ. 'ಸುಡ್ತಿದೆ ಡಾಕ್ಟ್ರೇ, ಅವಳಿಗೆ ಸುಡ್ತಿದೆ!' ಎಂದು ಕಿರುಚಿದೆ.

ಪಡಸಾಲೆಯಲ್ಲಿ ಮಾತು ನಿಂತುಹೋಯಿತು. ಡಾಕ್ಟರು ಕಾಲು ತೆಗೆದರು, ಬೆಳಕು ಆರಿತು. ವಾರಿಜಾ ನನ್ನನ್ನು ನೋಡಿದ ನೋಟ ಇದೆಯಲ್ಲ, ನಾನು ಬೀದಿಯಲ್ಲಿ ಬಟ್ಟೆ ಬಿಚ್ಚಿದ್ದರೂ ಹಾಗೆ ನೋಡುತ್ತಿರಲಿಲ್ಲ.

'ಎಲ್ಲಿ?' ಎಂದರು ಡಾಕ್ಟರು. 'ಕಿವಿ ಕಡೆನಾ, ತುಟಿ ಕಡೆನಾ?'

ಅದು ನನಗೇನು ಗೊತ್ತು? ನಾನು ತಲೆ ಅಲ್ಲಾಡಿಸಿದೆ.

ಡಾಕ್ಟರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. 'ನೋಡಿ ವಾರಿಜಾ. ಅರ್ಧ ಗಡ್ಡೆ ಬೆಂದಿದೆ, ಇನ್ನರ್ಧ ಇದೆ. ಯಾವ ಕಡೆ ಅಂತ ಗೊತ್ತಾಗದೆ ನಾನು ಮುಂದೆ ಹೋಗಲ್ಲ. ಇಲ್ಲಿಗೇ ನಿಲ್ಲಿಸಿದ್ರೆ ಅದು ಮತ್ತೆ ಬೆಳೆಯುತ್ತೆ, ಆಗ ಕತ್ತರಿಸೋದೊಂದೇ ದಾರಿ. ಇದನ್ನ ನಿಮ್ಮ ಯಜಮಾನ್ರು ಹೇಳೋಕಾಗಲ್ಲ, ನಾನೂ ಹೇಳೋಕಾಗಲ್ಲ. ನಿಮ್ಮ ಮೈ, ನೀವೇ ಹೇಳ್ಬೇಕು.'

ವಾರಿಜಾ ಚಾವಣಿ ನೋಡುತ್ತ ಮಲಗಿದ್ದಳು. ಚೆಲುವಮ್ಮ ಪಾಪ, ತಾನೇ ತಪ್ಪು ಮಾಡಿದವರ ಹಾಗೆ ಗೋಡೆಯ ಕಡೆ ತಿರುಗಿ ನಿಂತಿದ್ದರು. ವಾರಿಜಾ ಗಂಟಲು ಸರಿಮಾಡಿಕೊಂಡಳು. ಮೈಕಿನ ಮುಂದೆ ಕೂತಾಗಲೂ ಮೊದಲು ಹಾಗೆಯೇ ಮಾಡುತ್ತಾಳೆ.

'ತುಟಿ ಕಡೆ' ಎಂದಳು. 'ತುಟಿ ಕಡೆ ಸುಡ್ತಿದೆ.'

ಇಡೀ ಪಡಸಾಲೆಗೆ ಕೇಳಿಸುವಷ್ಟು ಸ್ಪಷ್ಟವಾಗಿ ಹೇಳಿದಳು. ಮೆಲ್ಲಗೆ ಮಾತಾಡಿ ಅವಳಿಗೆ ಅಭ್ಯಾಸವೇ ಇಲ್ಲ. ಡಾಕ್ಟರು ಎಳೆಯನ್ನು ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆ ತೆಗೆದು ಮತ್ತೆ ಬೆಳಕು ಬಿಟ್ಟರು. 'ಈಗ ಇಲ್ಲ' ಎಂದಳು. ಸ್ವಲ್ಪ ಹೊತ್ತಿಗೆ 'ಕಿವಿ ಹಿಂದೆ ಸುಡ್ತಿದೆ' ಎಂದಳು. ಡಾಕ್ಟರು ಕಡಿಮೆ ಮಾಡಿದರು. 'ಈಗ ಬರೀ ಬೆಚ್ಚಗೆ. ನಿಜವಾಗ್ಲೂ ಬೆಚ್ಚಗೆ.' ಮತ್ತೆ ಕೆನ್ನೆಯ ಕಡೆ, ಮತ್ತೆ ದವಡೆಯ ಕೆಳಗೆ. ಹತ್ತು ಗಂಟೆಯ ಬಸ್ಸು ಎರಡನೇ ಅಂಕಣಕ್ಕೆ ಬರುತ್ತದೆ ಎಂಬಂತೆ ಒಂದೊಂದನ್ನೂ ಜಾಗ ಹಿಡಿದು ಹೇಳುತ್ತ ಹೋದಳು. ನಲವತ್ತು ನಿಮಿಷದಲ್ಲಿ ಗಡ್ಡೆ ಪೂರ್ತಿ ಬೆಂದಿತು.

ಮುಖದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬಾವು ಇಳಿಯಲು ಮೂರು ವಾರ ಹಿಡಿಯಿತು. ತುಟಿ ನೆಟ್ಟಗಿದೆ, ಕಣ್ಣು ಮುಚ್ಚುತ್ತದೆ, ಗಡ್ಡೆ ಈವರೆಗೆ ಮರಳಿಲ್ಲ. ಬಸ್ ನಿಲ್ದಾಣದಲ್ಲಿ ಅವಳ ದನಿ ಈಗಲೂ ಕೇಳುತ್ತದೆ. ಮೊದಲ ತಿಂಗಳು ಕೆಲವರು ಅವಳನ್ನು ಕಂಡು ರಸ್ತೆ ದಾಟಿ ಆ ಬದಿಗೆ ಹೋದರು. ಪದ್ದಕ್ಕ ಮಾತ್ರ ನಿಲ್ದಾಣಕ್ಕೇ ಬಂದು, ಮೈಕಿನ ಕೋಣೆಯಲ್ಲಿ ಒಂದು ಗಂಟೆ ಕೂತು, ಒಂದು ಮಾರು ಮಲ್ಲಿಗೆ ಕೊಟ್ಟು ಹೋದಳಂತೆ. ನಾನು ಹೇಳಬೇಕೆಂದು ಹೊರಟದ್ದು ಇದಲ್ಲ.

ಅಂದು ಕೆಲಸ ಮುಗಿದ ಮೇಲೆ ಡಾಕ್ಟರು ಎಳೆ ತೆಗೆದು, ಹತ್ತಿ ಒತ್ತಿ, ಎಲ್ಲರನ್ನೂ ಕೇಳುವ ಹಾಗೆ ಕೇಳಿದರು. 'ಇನ್ನೆಲ್ಲಾದ್ರೂ ಸುಡ್ತಿದೆಯಾ?'

'ಹೂಂ' ಎಂದಳು ವಾರಿಜಾ. 'ಇಲ್ಲಿ.' ಎದೆಯ ಮೇಲೆ ಕೈಯಿಟ್ಟಳು.

ಡಾಕ್ಟರಿಗೆ ಗಾಬರಿಯಾಯಿತು. ಮಸಿ ರಕ್ತಕ್ಕೆ ಸೇರಿ ಎದೆಗಿಳಿಯಿತೇ ಎಂದು ಅವರಿಗೆ ಭಯ. ಚೆಲುವಮ್ಮನಿಗೆ ಹೇಳಿ ಮೇಲಿನ ದೀಪ ಎಳೆಸಿ, ರವಿಕೆಯ ಮೇಲಿನ ಎರಡು ಗುಂಡಿ ಬಿಚ್ಚಿದರು. ಅಲ್ಲಿ ತಾಳಿಯ ದಾರದಲ್ಲಿ ಒಂದು ಕರಿಮಣಿ ಇತ್ತು.

ನಮ್ಮೂರಿನ ಹೆಂಗಸರು ತಾಳಿಗೆ ಬಿಳಿಮಣಿ ಪೋಣಿಸುತ್ತಾರೆ. ಮಸಿ ಮನೆತನದ ಸೊಸೆಯರಿಗೆ ಮಾತ್ರ ಒಂದು, ಒಂದೇ ಒಂದು, ನಿಜವಾದ ಕರಿಮಣಿ ಕಟ್ಟುತ್ತೇವೆ. ಕಪ್ಪಿನಿಂದ ಅನ್ನ ತಿನ್ನುವವರು ಕಪ್ಪನ್ನು ಬಿಟ್ಟುಕೊಡಬಾರದೆಂದು ನಮ್ಮ ಹಿರಿಯರು ಮಾಡಿದ ಪದ್ಧತಿ. ಬಟ್ಟೆಯ ಒಳಗಿರುವುದರಿಂದ ಯಾರಿಗೂ ಕಾಣುವುದಿಲ್ಲ, ಯಾರೂ ಅದರ ಮಾತೆತ್ತುವುದಿಲ್ಲ. ಮದುವೆಯ ದಿನ ಅದನ್ನು ಪೋಣಿಸಿದ್ದು ನಮ್ಮಮ್ಮ, ಕಟ್ಟಿದ್ದು ನಾನು. ಬಟ್ಟೆಯ ಒಳಗೆ ಬೆಳಕು ಎಲ್ಲಿ ಹೋಗುತ್ತದೆ ಎಂದುಕೊಂಡಿದ್ದೆ. ಅಲ್ಲ, ಅಂದುಕೊಂಡಿರಲೂ ಇಲ್ಲ. ವರ್ಷಕ್ಕೊಮ್ಮೆ ಶಾಲೆಗೆ ಹೋಗಿ, ಬಿಳಿ ಬಟ್ಟೆಯೊಳಕ್ಕೂ ಬೆಳಕು ಇಳಿಯುತ್ತದೆ ಮಕ್ಕಳೇ, ತಲೆಗೆ ಎರಡು ಪದರ ಕಟ್ಟಿ ಎಂದು ಪಾಠ ಹೇಳುವವನು ನಾನೇ.

ಡಾಕ್ಟರು ಕೈಗವಸಿನ ಬೆರಳಿನಿಂದ ಮಣಿಯನ್ನು ಪಕ್ಕಕ್ಕೆ ಸರಿಸಿದರು. ಅದರ ಕೆಳಗೆ ಚರ್ಮ ದುಂಡಗೆ, ತೊಗರಿಕಾಳಿನಷ್ಟು ಅಗಲ ಗಟ್ಟಿಯಾಗಿ, ಮಿರಮಿರ ಮಿಂಚುತ್ತಿತ್ತು. ಅದರ ಸುತ್ತ ಹಳೆಯ ಕಲೆಗಳು ಇನ್ನೂ ಏಳೆಂಟು ಇದ್ದವು, ಮಣಿ ಅತ್ತಿತ್ತ ಸರಿದಲ್ಲೆಲ್ಲ.

'ಯಾವಾಗಿಂದ ಇದು?' ಎಂದರು.

'ಇಪ್ಪತ್ತೊಂಬತ್ತು ವರ್ಷ ಆಯ್ತು' ಎಂದಳು ವಾರಿಜಾ. ದೂರುವ ದನಿಯಲ್ಲಿ ಹೇಳಲಿಲ್ಲ. ಕೇಳಿದರು, ಹೇಳಿದಳು.

ಡಾಕ್ಟರು ಕೈಗವಸು ಬಿಚ್ಚಿ ಹೊರಗೆ ಹೋದರು. ಚೆಲುವಮ್ಮನೂ ಹೋದರು. ನಾನು ದಾರದ ಗಂಟು ಬಿಚ್ಚಲು ಕೂತೆ. ಗಂಟು ಹಳೆಯದು, ಹಲ್ಲಿನಿಂದ ಬಿಚ್ಚಬೇಕಾಯಿತು. ಮಣಿಯನ್ನು ಮಾತ್ರ ಜಾರಿಸಿಕೊಂಡು ಉಳಿದದ್ದನ್ನು ಹಾಗೆಯೇ ಕಟ್ಟಿದೆ. ಮಣಿಯನ್ನು ಹಿಡಿದು ಕಿಟಕಿಯ ಹತ್ತಿರ ಹೋದೆ. ಹನ್ನೊಂದು ಗಂಟೆಯ ಬಿಸಿಲು ಅಲ್ಲಿತ್ತು. ಅದನ್ನು ಬರಿ ಅಂಗೈಯಲ್ಲಿಟ್ಟು, ರವಿಕೆಯ ಹಾಗೆ ನನ್ನ ಪಂಚೆಯ ತುದಿಯ ಒಂದು ಪದರವನ್ನು ಮೇಲೆ ಮುಚ್ಚಿ ಬಿಸಿಲಿಗೆ ಹಿಡಿದೆ. ಹುಟ್ಟಿದಾಗಿನಿಂದ ಕಪ್ಪಿನ ಜೊತೆ ಬದುಕಿದವನು ನಾನು. ಎಷ್ಟು ಹೊತ್ತು ತಡೆಯಬಹುದು ನೋಡೋಣ ಎಂದು ಎಣಿಸತೊಡಗಿದೆ. ವಾರಿಜಾ ಮಲಗಿದಲ್ಲಿಂದಲೇ ನೋಡುತ್ತಿದ್ದಳು. ಹದಿನಾಲ್ಕಕ್ಕೆ ಕೈ ತಾನಾಗಿಯೇ ಕೊಡವಿಕೊಂಡಿತು. ಮಣಿ ನೆಲಕ್ಕೆ ಬಿದ್ದು ಎಲ್ಲೋ ಉರುಳಿತು.

'ಸುಡುತ್ತೆ ಕಣೇ' ಎಂದೆ.

'ಹೂಂ ರೀ' ಎಂದಳು.